ಹಿಂದಿ ಸಿನಿಮಾಕ್ಕೆ ಅಂಬರೀಶನ ಕನ್ನಡ

ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ಯುವ ಮುನ್ನ ಅದರ ಕಥೆ ಏನೆಂದು ವಿಚಾರಿಸುವ ಬುದ್ಧಿ ಮಾನ್ವಿಯ ಅಂಬರೀಶನಿಗೆ ಬರಲಿಲ್ಲ. ರಾಯಚೂರಿನ ಟಾಕೀಜಿನಲ್ಲಿ ಕೂತು ಹತ್ತು ನಿಮಿಷವಾಗಿರಲಿಲ್ಲ, ಎದ್ದು ಹೋಗಲು ನೆಪ ಹುಡುಕತೊಡಗಿದ. ಪರದೆಯ ಮೇಲೆ ಹಿಂದಿ ನಾಯಕ ಯಾರದೋ ಬಂಗಲೆಯನ್ನು ತನ್ನದೆಂದು ತೋರಿಸಿ ಮದುವೆಯಾಗಿದ್ದ.

ಅಂಬರೀಶ ಮಾಡಿದ್ದೂ ಅದನ್ನೇ, ಬಂಗಲೆಯೊಂದು ಇರಲಿಲ್ಲ ಅಷ್ಟೆ. ಹನ್ನೊಂದು ವರ್ಷದ ಹಿಂದೆ ಗಬ್ಬೂರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದಾಗ, ತಾನು ಗುಮಾಸ್ತನಾಗಿದ್ದ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟಿನ ಚೀಲಗಳನ್ನು ತಂದು ಪಡಸಾಲೆಯಲ್ಲಿ ಜಂತಿ ಮುಟ್ಟುವಂತೆ ಒಟ್ಟಿದ್ದ. ಮುಂದಿನ ಎರಡರಲ್ಲಿ ಮಾತ್ರ ನಿಜವಾದ ಭತ್ತ. ಮಾವ ಗಡಿಗೆಪ್ಪ ಅದರಲ್ಲೊಂದನ್ನು ತಟ್ಟಿ, ಒಕ್ಕಲುತನ ಗಟ್ಟಿ ಇದೆಯೆಂದು ತಲೆಯಾಡಿಸಿ ಹೋಗಿದ್ದ. (ನಮ್ಮ ಕಡೆ ಹುಡುಗಿಯನ್ನು ನಡೆಸಿ ನೋಡುತ್ತಾರೆ, ಹಾಡಿಸಿ ನೋಡುತ್ತಾರೆ, ಸೂಜಿಗೆ ದಾರ ಪೋಣಿಸಲು ಕೊಟ್ಟು ಕಣ್ಣು ಪರೀಕ್ಷಿಸುತ್ತಾರೆ. ಹುಡುಗನ ಮನೆಯ ಚೀಲ ಬಿಚ್ಚುವುದು ಮಾತ್ರ ಮರ್ಯಾದೆಗೇಡು.) ಅಂದಿನಿಂದ ಅಂಬರೀಶ ಮನೆಯಲ್ಲಿ ಸತ್ಯಸಂಧನೆಂದೇ ಮೆರೆದಿದ್ದ. ಸುಳ್ಳು ಕೇಳಿದರೆ ತನಗೆ ಮೈ ಉರಿಯುತ್ತದೆಂದು ದಿನಕ್ಕೊಮ್ಮೆ ಪ್ರವಚನವೂ ಇತ್ತು. ಆ ಕಿರೀಟ ಇವತ್ತು ಈ ಟಾಕೀಜಿನಲ್ಲಿ ಉರುಳುವುದರಲ್ಲಿತ್ತು.

ಪುಣ್ಯಕ್ಕೆ ಹೆಂಡತಿ ವಿಜಯಲಕ್ಷ್ಮಿಗೆ ಹಿಂದಿ ಬಾರದು. ಆಕೆ ಗಂಡನ ಕಡೆ ವಾಲಿದಳು.

"ಏನಂತಾನ್ರೀ ಅವ?"

ನಾಯಕ ಫೋನಿನಲ್ಲಿ, ನಿಜವಾದ ಮಾಲೀಕ ಬರುವತನಕ ಇವಳಿಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದ.

"ಮನಿಗೆ ಸುಣ್ಣ ಹಚ್ಚಸ್ಬೇಕು ಅಂತಾನ."

ನಾಯಕಿ ಬೀಗ ಹಾಕಿದ ಕೋಣೆ ಹೊಕ್ಕು, ಮಾಲೀಕನ ಪಟ ಕಂಡು ಚೀರಿದಳು.

"ಅಕಿ ಯಾಕ ಚೀರಿದ್ಳು?"

"ಹಲ್ಲಿ ನೋಡ್ಯಾಳ."

ನಾಯಕಿ ತನ್ನ ಗಂಡನ ಹಣೆಗೆ ಪಿಸ್ತೂಲು ಇಟ್ಟಾಗ ಅಂಬರೀಶನ ಅಂಗಿ ಬೆನ್ನಿಗೆ ಅಂಟಿತ್ತು. ಪ್ರೀತಿ ಹೆಚ್ಚಾದರೆ ಆ ಕಡೆಯ ಮಂದಿ ಹಾಗೇ ಮಾಡುತ್ತಾರೆಂದ. ಕೊನೆಗೆ ಬಂದ ಪೊಲೀಸರನ್ನು ಬೀಗರ ಪೈಕಿ ಮಾಡಿದ. ಹೀಗೆ ಕೊಲೆ, ಮೋಸಗಳ ಸಿನಿಮಾ ಸಾಂಸಾರಿಕ ಚಿತ್ರವಾಗಿ ಸುಖಾಂತ್ಯ ಕಂಡಿತು.

ಹೊರಗೆ ಮಿರ್ಚಿ ಬಂಡಿಯ ಮುಂದೆ ಅಂಬರೀಶ ಗೆದ್ದವನಂತೆ ನಿಂತ. ಅಷ್ಟರಲ್ಲಿ ವಿಜಯಲಕ್ಷ್ಮಿ ಬಂಡಿಯವನೊಂದಿಗೆ, ಎಣ್ಣೆ ಹಳೆಯದಾಗಿದೆಯಲ್ಲ ಎಂದು ಅಚ್ಚ ಹಿಂದಿಯಲ್ಲಿ ಜಗಳ ತೆಗೆದಳು. ಅಂಬರೀಶನ ಬಾಯೊಳಗಿನ ಮಿರ್ಚಿ ಅಲ್ಲೇ ನಿಂತಿತು.

ಗಬ್ಬೂರಿನಲ್ಲಿ ಮಗ್ಗುಲ ಮನೆಯವರು ಮುಸಲ್ಮಾನರು, ಎರಡೂ ಮನೆಗೆ ಒಂದೇ ಅಂಗಳ, ಹಾಗಾಗಿ ಮಾತು ಕಲಿತಾಗಲೇ ಹಿಂದಿಯೂ ಬಂತು ಎಂದಳು. ಹಾಗಿದ್ದರೆ ಹೆಣ್ಣು ನೋಡಲು ಬಂದಾಗ ಹಿಂದಿ ಬರುವುದಿಲ್ಲ ಎಂದದ್ದೇಕೆ ಎಂದು ಅಂಬರೀಶ ಕೇಳಿದ.

"ನಿಮ್ಮ ಸೋದರತ್ತಿ ಮಹಾಂತಮ್ಮ ಅಂದ್ರಲ್ಲ, ಹುಡುಗಿಗಿ ಭಾಳ ಭಾಷಾ ಬರಬಾರದು, ಒಂದರಾಗ ಎದುರುತ್ತರ ಕೊಟ್ರ ಸಾಕು ಅಂತ. ಅದಕ್ಕ ನಮ್ಮವ್ವ ಮುಚ್ಚಿಟ್ಳು."

ಅಂಬರೀಶನಿಗೆ ಹೋದ ಜೀವ ಬಂತು. ಹನ್ನೊಂದು ವರ್ಷ ಮೋಸ, ವಂಚನೆಯ ತಳಪಾಯದ ಮೇಲೆ ಕಟ್ಟಿದ ಸಂಸಾರ ಎಂದು ನಾಲ್ಕು ಜನ ತಿರುಗಿ ನೋಡುವಂತೆ ಗುಡುಗಿದ. ವಿಜಯಲಕ್ಷ್ಮಿ ಮಿರ್ಚಿ ತಿಂದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ಹೊಟ್ಟಿನ ಚೀಲದ ಸುದ್ದಿ ಮದುವಿ ಆದ ಎಂಟ ದಿನಕ್ಕ ನನಗ ಗೊತ್ತಾತು. ನೀವ ಹೇಳಿದ್ರಿ."

"ನಾನಾ?"

"ಮಿಲ್ಲಿನ ಲಾರಿ ಡ್ರೈವರ್ ವಹೀದ್ ಭಾಯಿಗೆ. ಫೋನಿನ್ಯಾಗ, ನನ್ನ ಮುಂದ ಕುಂತು, ನಕ್ಕೋತ, ಹಿಂದಿಯೊಳಗ."

ಅಂಬರೀಶನ ಕಣ್ಣ ಮುಂದೆ ಹನ್ನೊಂದು ವರ್ಷದ ಫೋನುಗಳು ಸಾಲುಗಟ್ಟಿದವು. ಈಕೆಯ ರೊಟ್ಟಿಯ ಬಗ್ಗೆ, ಈಕೆಯ ಗೊರಕೆಯ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ಈಕೆಯ ತಾಯಿಯ ಬಗ್ಗೆ. ಎಲ್ಲವೂ ಇವಳೆದುರೇ.

"ಮತ್ತ ಯಾಕ ಸುಮ್ಮನಿದ್ದಿ ಇಷ್ಟು ವರ್ಷ?"

"ಹೇಳಿದ್ರ ನೀವು ಹೊರಗ ಹೋಗಿ ಮಾತಾಡ್ತಿದ್ರಿ."

ಆ ಹೊತ್ತಿಗೇ ಫೋನು ಬಡಿದುಕೊಂಡಿತು. ಅಬ್ದುಲ್ ವಹೀದ್. ಎತ್ತಿ ಎಂದು ಆಕೆ ಹುಬ್ಬಿನಲ್ಲೇ ಹೇಳಿದಳು. ಅಂಬರೀಶ ಗಂಟಲು ಸರಿಮಾಡಿಕೊಂಡು, ಜನ್ಮದಲ್ಲಿ ಮೊದಲ ಬಾರಿ ಆ ಗೆಳೆಯನೊಡನೆ ಕನ್ನಡದಲ್ಲಿ ಶುರುಮಾಡಿದ.

"ವಹೀದ್ ಭಾಯ್, ನಮ್ಮ ಅತ್ತಿ ದೇವರಂಥಾಕಿ."

ಆ ಕಡೆಯಿಂದ ವಹೀದ್, ಅಯ್ಯೋ ಯಾವಾಗ ತೀರಿಕೊಂಡರು, ಮಣ್ಣು ಕೊಡುವುದು ಎಷ್ಟು ಹೊತ್ತಿಗೆ ಎಂದು ಹಿಂದಿಯಲ್ಲಿ ಗಟ್ಟಿಯಾಗಿ ಕೇಳಿದ.

"ಇಲ್ಲಿ ಕೊಡ್ರಿ ಫೋನು," ಎಂದು ವಿಜಯಲಕ್ಷ್ಮಿ ಕೈ ಚಾಚಿದಳು.