ಕೆಂಪು ದಾರ, ನಾಲ್ಕು ಬೆರಳು

ಬಟ್ಟೆ ಅಂದಮೇಲೆ ನನ್ನ ಮಾತು ಕೇಳಲೇಬೇಕು! ನಲವತ್ತು ವರ್ಷ ಕಿಟಕಿ ಪರದೆ ಹೊಲಿದ ಕೈ ಇದು. ಸೊಸೆಯ ಹಾಯಿದೋಣಿಗೆ ಇನ್ನೊಂದು ಜೊತೆ ಕೈ ಬೇಕು ಅಂದಾಗ, "ನಾನಿದ್ದೀನಲ್ಲ!" ಅಂತ ಎದೆ ತಟ್ಟಿಕೊಂಡೆ.

ಅವತ್ತು ಪಂದ್ಯ. "ಈ ಸಲವೂ ಕೊನೆಯವಳಾಗಿ ಬಂದರೆ ದೋಣಿ ಮಾರೋದೇ" ಅಂತ ನನ್ನ ಮಗ ಹೇಳಿಬಿಟ್ಟಿದ್ದ. ಸೊಸೆ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಆ ದೋಣಿಯ ದೊಡ್ಡ ಹಾಯಿ, ಕೆಳಗಿನ ಅಡ್ಡತೊಲೆಯ ಒಳಗೇ ಚಾಪೆ ಹಾಗೆ ಸುತ್ತಿಕೊಳ್ಳುತ್ತೆ. ತೊಲೆ ಏರಿಸಿ ಇಳಿಸೋಕೆ ಒಂದು ಹಗ್ಗ. ಅದಕ್ಕೆ ಯಾರೋ ಕೆಂಪು ದಾರವನ್ನು ಸೊಟ್ಟಗೆ ಗಂಟು ಹಾಕಿದ್ದರು. ಸೊಟ್ಟ ಗಂಟು ನನಗೆ ಆಗಿಬರಲ್ಲ! ಸೊಸೆ ದಡದಲ್ಲಿ ಹೆಸರು ಬರೆಸಿ ಬರೋದರೊಳಗೆ ಬಿಚ್ಚಿ, ಮಾಸಿದ ಜಾಗ ಬಿಟ್ಟು, ನಾಲ್ಕು ಬೆರಳು ಆಚೆಗೆ ಚೊಕ್ಕವಾಗಿ ಕಟ್ಟಿದೆ.

ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ದೋಣಿ ವಾಲಿತು!

"ಅತ್ತೆ, ಹಾಯಿ ಹೊಟ್ಟೆ ಉಬ್ಬಿದೆ, ಇಳಿಸಬೇಕು! ಮೂರು ಸುತ್ತು ಸುತ್ತಿ!"

"ನಿಮ್ಮ ಮಾವನ ಹೊಟ್ಟೆ ಮೂವತ್ತು ವರ್ಷ ಇಳಿಸೋಕಾಗಲಿಲ್ಲ. ಇದನ್ನ ನೋಡು ಈಗ!"

ಸೊಸೆ ಹಗ್ಗವನ್ನು ದಾರದ ಗುರುತಿಗೆ ಬಿಗಿದಳು. ನಾನು ಹಾಯಿ ಸುತ್ತೋ ಹಿಡಿ ತಿರುಗಿಸಿದೆ. ಒಂದು ಸುತ್ತು, ಸರಿ. ಎರಡನೇ ಸುತ್ತಿಗೆ ಬಟ್ಟೆ ಕಂಬದ ಕಡೆ ಜರುಗಿತು. ಮೂರಕ್ಕೆ ಅಲ್ಲೇ ಮುದ್ದೆಯಾಗಿ ಸಿಕ್ಕಿಕೊಂಡಿತು! ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ತ್ರಿಶಂಕು! ಇದ್ದ ದೋಣಿಗಳೆಲ್ಲ ನಮ್ಮನ್ನು ದಾಟಿ ಹೋದವು.

"ಗುರುತಿಗೇ ನಿಲ್ಲಿಸಿದೀನಲ್ಲ! ತೊಲೆ ಒಂಚೂರು ಮೇಲೆದ್ದರೂ ಬಟ್ಟೆ ಓರೆ ಸುತ್ತುತ್ತೆ. ಅದಕ್ಕೇ ಅಲ್ವಾ ಅತ್ತೆ, ನಾನು ಆ ದಾರ ಕಟ್ಟಿದ್ದು!"

ನಾನು ಹಗ್ಗದ ಕಡೆ ಕೈ ತೋರಿಸಿದೆ. "ಅದು... ನಾಲ್ಕು ಬೆರಳು ಈಚೆಗಿತ್ತಮ್ಮ."

"ಯಾರ ಬೆರಳು?"

"ನನ್ನವೇ!"

ಬೈಯೋಕೂ ಹೊತ್ತಿರಲಿಲ್ಲ. ನಾನು ಬೆರಳಿಟ್ಟು ಅಳೆದೆ, ಅವಳು ತೊಲೆ ಇಳಿಸಿದಳು. ಮುದ್ದೆಯನ್ನು ಒಂದೊಂದೇ ಸುತ್ತು ಬಿಚ್ಚಿ, ಮೊದಲಿಂದ ಸುತ್ತಿದೆ. ಅಬ್ಬಾ! ಹಾಯಿ ಇಸ್ತ್ರಿ ಹಾಕಿದ ಪರದೆ ಹಾಗೆ ಚಪ್ಪಟೆಯಾಯಿತು. ದೋಣಿ ಬಾಣ! ಗೆರೆ ಮುಟ್ಟೋ ಹೊತ್ತಿಗೆ ಒಂದೇ ಒಂದು ದೋಣಿಯನ್ನು ಹಿಂದೆ ಹಾಕಿದೆವು. ಕೊನೆಯಿಂದ ಎರಡನೆಯವರು! ದೋಣಿ ಉಳಿಯಿತು!

"ನೋಡಿದೆಯಾ ನನ್ನ ಅಳತೆ?" ಅಂತ ಬೀಗಿದೆ.

ಮುಂದಿನ ವಾರ ದೋಣಿ ಹತ್ತಿದರೆ, ಹಿಂದಿನ ಹಲಗೆಗೆ ಎರಡು ಕೆಂಪು ದಾರ.

"ಇದು ಯಾವ ಹಗ್ಗದ ಗುರುತಮ್ಮ?"

"ಹಗ್ಗದ್ದಲ್ಲ ಅತ್ತೆ, ನಿಮ್ಮದು. ಈ ದಾರದಿಂದ ಆ ದಾರದವರೆಗೆ ಕೂತ್ಕೊಳ್ಳಿ. ನಾಲ್ಕು ಬೆರಳೂ ಆಚೆ ಬರಬೇಡಿ!"

ಕೂತೆ. ಎರಡೂ ಗಂಟು ಸೊಟ್ಟಗಿದ್ದವು. ಆಣೆಗೂ ಮುಟ್ಟಲಿಲ್ಲ!