ಬಾವನ ಬಣ್ಣ, ನನ್ನ ನಿಯಮ

ನಮ್ಮ ಬಾವನ ಕೈಯಲ್ಲಿ ಬಣ್ಣದ ಡಬ್ಬ ಇದ್ದಾಗ ಯಾರೂ ಅಲುಗಾಡದೆ ನಿಲ್ಲಬಾರದು! ನಿಂತಿರೋ, ನಿಮಗೂ ಒಂದು ಕೋಟ್ ಬಿತ್ತೆಂದೇ ಲೆಕ್ಕ.

ಬಾವ ಎಂದರೆ ನನ್ನ ಅಕ್ಕನ ಗಂಡ. ನಾವುಂದ ಎಂಬ ಊರಿನ ಕಡಲ ದಡದಲ್ಲಿ ಮನೆ, ಒಂದು ಸಣ್ಣ ದೋಣಿ, ಅದರಲ್ಲೇ ಜೀವನ. ಮಳೆಗಾಲದಲ್ಲಿ ದೋಣಿ ದಡ ಹತ್ತಿ ಚಪ್ಪರದಡಿ ಕೂರುತ್ತದೆ. ಆಗ ಎಲ್ಲರೂ ದೋಣಿಗೆ ಬಣ್ಣ ಹೊಡೆಯುತ್ತಾರೆ, ಬಾವನೂ ಹೊಡೆಯುತ್ತಾರೆ. ಅದರಲ್ಲೇನೂ ವಿಶೇಷವಿಲ್ಲ. ಅಪಾಯವಿರುವುದು ಉಳಿದ ಬಣ್ಣದಲ್ಲಿ! ಬಾವಿಯ ರಾಟೆ ಕೆಂಪಾಯಿತು, ದನದ ಕೋಡು ನೀಲಿಯಾಯಿತು, ತೆಂಗಿನಮರ ಸೊಂಟದವರೆಗೆ ಹಳದಿಯಾಯಿತು. ಒಂದು ದಿನ ನೋಡುತ್ತೇನೆ, ನನ್ನ ಕಪ್ಪು ಕೊಡೆಯ ಹಿಡಿ ಗಿಳಿಹಸಿರು!

“ಎಂತ ಬಾವ ಇದು?”

“ಕಳ್ದ್ ಹೋರೆ ಗುರ್ತ್ ಸಿಕ್ಕುಕೆ ಟೀಚ್ರೇ!”

ಇಡೀ ಸರ್ವಿಸಿನಲ್ಲಿ ನಾನು ಒಂದು ಕೊಡೆಯನ್ನೂ ಕಳೆದವಳಲ್ಲ. ಇದಾದರೂ ಕಳೆದುಹೋಗಲಿ ಎಂದು ಬೇಕೆಂದೇ ಬಸ್ಸಿನಲ್ಲಿ ಬಿಟ್ಟು ಬಂದೆ. ಮರುದಿನ ಕಂಡಕ್ಟರ್ ಹೆಮ್ಮಾಡಿಯ ನನ್ನ ಮನೆಗೇ ತಂದುಕೊಟ್ಟ. ಗುರುತು ಸಿಕ್ಕಿತ್ತಂತೆ!

ನಾನು ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಬೆಲ್ಲು ಹೊಡೆದರೆ ಏಳುವುದು, ಬೆಲ್ಲು ಹೊಡೆದರೆ ಕೂರುವುದು. ನಿವೃತ್ತಿಯಾದ ಮೇಲೂ ಹಾಗೆಯೇ ಬದುಕುತ್ತಿದ್ದೇನೆ. ಬಾವನಿಗೆ ಹೊತ್ತು ಎಂಬುದೇ ಇಲ್ಲ. ಸ್ವಂತ ಮಗಳ ನಿಶ್ಚಿತಾರ್ಥಕ್ಕೆ ಊಟದ ಎಲೆ ಎತ್ತಿದ ಮೇಲೆ ಬಂದರು, ಒದ್ದೆ ಬಟ್ಟೆಯಲ್ಲಿ, ಕೈಯಲ್ಲೊಂದು ಅಂಜಲ್ ಮೀನು ಹಿಡಿದು! ಬೈದರೆ, “ಸಮುದ್ರಕ್ಕೆಲ್ಲಿ ಬೆಲ್ಲ್ ಇತ್ತ್ ಟೀಚ್ರೇ?” ಎಂದು ನಗುತ್ತಾರೆ. ಅಕ್ಕ ಅವರ ಊಟ ಮುಚ್ಚಿಟ್ಟು, ಕಡಲ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂರುತ್ತಾಳೆ, ಕತ್ತಲಾಗುವವರೆಗೂ. ಕಾಯುತ್ತಿದ್ದೇನೆ ಎಂದು ಯಾವತ್ತೂ ಒಪ್ಪುವುದಿಲ್ಲ. “ಗಾಳಿಗ್ ಕೂತದ್ದ್” ಎನ್ನುತ್ತಾಳೆ.

ಈ ವರ್ಷ ನಮ್ಮದೊಂದು ಪುಟ್ಟ ಕಲಾ ಸಂಘ ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳಿಗೆ ಸ್ಪರ್ಧೆ ಇಟ್ಟಿತು. ಶಾಲೆಗೊಂದು ಚಿತ್ರ, ಅದರ ಜೊತೆ ಒಂದು ಕವಿತೆ. ಗೆದ್ದ ಶಾಲೆಗೆ ಕಪ್, ಶಾಲು ಏನೂ ಇಲ್ಲ. ವರ್ಷವಿಡೀ ವಾರಕ್ಕೊಂದು ದಿನ ಡ್ರಾಯಿಂಗ್ ಮೇಷ್ಟ್ರನ್ನು ಸಂಘವೇ ಕಳಿಸುತ್ತದೆ. ಬಾವನ ಮನೆ ಪಕ್ಕದ ಶಾಲೆಗೆ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಚಿತ್ರ ಬಿಡಿಸಬೇಕಾದ ಪೀರಿಯಡ್‌ನಲ್ಲಿ ಮಕ್ಕಳು ಮಗ್ಗಿ ಹೇಳುತ್ತವೆ. ಬೇಲಿಯಾಚೆ ನಿಂತು ಅದನ್ನು ಕೇಳಿ ಕೇಳಿ ಬಾವನಿಗೆ ತಡೆಯದಾಗಿತ್ತು.

ಸ್ಪರ್ಧೆಯ ನಿಯಮಗಳನ್ನು ಬರೆದವಳು ನಾನು. ಕೃತಿಯ ಹಿಂಬದಿಯಲ್ಲಿ ಶಾಲೆಯ ಹೆಸರಿರಬೇಕು. ಬೆಳಿಗ್ಗೆ ಹತ್ತರೊಳಗೆ ತಲುಪಬೇಕು. ಬಂದ ಕೃತಿಗಳು ಸಂಘದ ಸ್ವತ್ತು, ಹಿಂತಿರುಗಿಸಲಾಗುವುದಿಲ್ಲ, ಸಾರ್ವಜನಿಕರ ವೀಕ್ಷಣೆಗೆ ಇಡಲಾಗುವುದು. ಮತ್ತೆ ಮತ್ತೆ ಓದಿದೆ, ಒಂದೂ ತಪ್ಪಿಲ್ಲ! ಕಾಗದದ ಮೇಲೆ ಬಿಡಿಸಬೇಕು ಎಂದು ಮಾತ್ರ ಬರೆದಿರಲಿಲ್ಲ. ಯಾಕೆ ಬರೆಯಬೇಕಿತ್ತು? ಚಿತ್ರವನ್ನು ಮತ್ತೆ ಎಂತದರ ಮೇಲೆ ಬಿಡಿಸುತ್ತಾರೆ?

ಸ್ಪರ್ಧೆಯ ದಿನ ಕುಂದಾಪುರದ ಸಭಾಂಗಣದ ಬಾಗಿಲಲ್ಲಿ ನಾನೇ ನಿಂತಿದ್ದೆ. ಹತ್ತು ಗಂಟೆ ಆಗುತ್ತಾ ಬಂದಾಗ ಒಂದು ಮಿನಿ ಲಾರಿ ರಿವರ್ಸಿನಲ್ಲಿ ಗೇಟಿನೊಳಗೆ ಬಂತು. ಲಾರಿಯ ಮೇಲೆ ಟಾರ್ಪಾಲು. ಟಾರ್ಪಾಲಿನಡಿ ದೋಣಿ. ದೋಣಿಯೊಳಗೆ ಬಾವ!

“ಹ್ವಾಯ್ ಟೀಚ್ರೇ, ಹೊತ್ತಿಗ್ ಸರಿಯಾಯ್ ಬಂದೆ ಕಾಣಿ! ಜೀವ್ಮಾನದಲ್ ಇದೇ ಸುರು!”

“ಬಾವ, ಇದು ಚಿತ್ರದ ಸ್ಪರ್ಧೆ!” ಎಂದೆ.

“ಚಿತ್ರವೇ ತಂದದ್ದ್ ಮಾರಾಯ್ರೆ, ಮಕ್ಳ್ ಬಿಡ್ಸಿದ್ದ್. ಶಾಲೆಯಲ್ ಬಣ್ಣ ಇಲ್ಲೆ, ನನ್ ಹತ್ರ ಉಳ್ದದ್ದ್ ಕೊಟ್ಟೆ. ದೋಣಿ ಬಣ್ಣಕ್ಕೆ ಕಾಗ್ದ ತಡೀತಿಲ್ಲೆ, ಹರ್ದೇ ಹೋತ್ತ್. ಮರ ಆರೆ ತಡೀತ್ತ್ ಅಲ್ದಾ?”

“ಶಾಲೆಯ ಹೆಸರು?”

“ಹಿಂದೆ ಇತ್ತ್. ನೀವ್ ಬರ್ದಾಂಗೇ!”

ನಿಜ. ದೋಣಿಯ ಹಿಂಬದಿಯಲ್ಲಿ, ದುಂಡು ಅಕ್ಷರದಲ್ಲಿ ಇತ್ತು. ದೋಣಿ ಬಾಗಿಲಲ್ಲಿ ಹಿಡಿಸಲಿಲ್ಲ. ಬ್ರಹ್ಮಾವರದಿಂದ ಬಂದಿದ್ದ ತೀರ್ಪುಗಾರರು, ವಯಸ್ಸಾದ ಕಲಾವಿದರು, ಕೊಡೆ ಹಿಡಿದು ಮಳೆಯಲ್ಲೇ ಲಾರಿಗೆ ಸುತ್ತು ಬಂದರು. ಟಾರ್ಪಾಲು ಸರಿಸಿದರೆ, ದೋಣಿಯ ಮೈಮೇಲಿನ ಚಿತ್ರದಲ್ಲಿ ಸೂರ್ಯನಿಗೆ ಕನ್ನಡಕ! ಬಸ್ಸಿನ ಕಿಟಕಿಯಲ್ಲೆಲ್ಲ ಬಂಗುಡೆಗಳು, ಒಂದು ಬಂಗುಡೆ ಟಿಕೆಟ್ ಕೇಳುತ್ತಿತ್ತು. ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಮುಖಕ್ಕಿಂತ ದೊಡ್ಡ ವಾಚು.

“ಇದು ಯಾರು?” ಎಂದು ಕೇಳಿ ತೀರ್ಪುಗಾರರು ನನ್ನತ್ತ ತಿರುಗಿದರು. ನನ್ನ ಕೈಯ ವಾಚು ನೋಡಿದರು. ಗಿಳಿಹಸಿರು ಹಿಡಿಯ ಕೊಡೆ ನೋಡಿದರು. ಮತ್ತೆ ಕೇಳಲಿಲ್ಲ.

ಕವಿತೆ ದೋಣಿಯ ಒಳಗಿತ್ತು, ಬಾವ ಕೂರುವ ಜಾಗದ ಎದುರಿಗೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದದ್ದು:

ದೋಣಿ, ನೀನು ಎಷ್ಟು ದೂರ ಹೋದರೂ
ಶಾಲೆಯ ಬೆಲ್ಲು ಕೇಳುವಷ್ಟು ಹತ್ತಿರ ಇರು.
ಸಂಜೆ ಬೆಲ್ಲು ಹೊಡೆದರೆ ನಮಗೆ ಮನೆ,
ನಿನಗೂ ಮನೆ.

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿಕೊಂಡರು. “ಮಳೆ” ಎಂದರು. ಮತ್ತೆ, “ಪ್ರಥಮ” ಎಂದರು.

ಅಷ್ಟರಲ್ಲಿ ಇನ್ನೊಂದು ಶಾಲೆಯ ಮೇಷ್ಟ್ರು ಎದ್ದರು. “ಕಾಗದ ಅಂತ ನಿಯಮದಲ್ಲಿ ಇಲ್ಲ, ಸರಿ. ಆದರೆ ಕೃತಿ ಹಿಂತಿರುಗಿಸುವುದಿಲ್ಲ ಅಂತ ಇದೆಯಲ್ಲ! ನಿಯಮ ಅಂದ ಮೇಲೆ ಎಲ್ಲಾ ನಿಯಮ.”

ಎಲ್ಲರೂ ನನ್ನ ಮುಖ ನೋಡಿದರು. ಬಾವನನ್ನು ಪಕ್ಕಕ್ಕೆ ಕರೆದೆ. “ಬಾವ, ಸ್ಪರ್ಧೆಯಿಂದ ಹಿಂದೆ ತಗೊಳ್ಳಿ. ಇಲ್ಲದಿದ್ದರೆ ದೋಣಿ ಸಂಘದ್ದಾಗುತ್ತದೆ. ಆ ಸಾಲು ನೀವು ಓದಿಲ್ಲವಾ?”

“ಓದಿದೆ ಟೀಚ್ರೇ.”

“ಓದಿಯೂ ತಂದಿರಾ?”

“ಹ್ಞಾ. ಇಟ್ಕಣಿ. ನಾನ್ ಬೇರೆಯವ್ರ ದೋಣಿಯಲ್ ಹೋತೆ. ಮಕ್ಳಿಗ್ ಮೇಷ್ಟ್ರ್ ಬಪ್ಪುದ್ ತಪ್ಪುಕಾಗ.”

“ಅಕ್ಕನಿಗೆ ಗೊತ್ತುಂಟಾ?”

“ಟಾರ್ಪಾಲ್ ಕಟ್ಟಿದ್ದೇ ಅವ್ಳ್!”

ದನದ ಕೋಡಿಗೆ ನೀಲಿ ಬಳಿದಾಗಲೂ ನಾನು ಇಷ್ಟು ಬೆಚ್ಚಿಬಿದ್ದಿರಲಿಲ್ಲ. ಮೈಕಿನ ಎದುರು ಹೋಗಿ ನಿಂತೆ. ನಿಯಮ ಮುರಿದವಳಲ್ಲ ನಾನು, ಅಂದೂ ಮುರಿಯಲಿಲ್ಲ.

“ದೋಣಿ ಸಂಘದ ಸ್ವತ್ತು. ಹಿಂತಿರುಗಿಸುವುದಿಲ್ಲ. ನಿಯಮದಂತೆ ಸಾರ್ವಜನಿಕರ ವೀಕ್ಷಣೆಗೆ ಇಡಲಾಗುವುದು. ಸ್ಥಳ, ನಾವುಂದದ ಕಡಲು. ಉಸ್ತುವಾರಿ, ನಮ್ಮ ಬಾವ!”

ಮೊದಲು ಚಪ್ಪಾಳೆ ತಟ್ಟಿದ್ದು ಆಕ್ಷೇಪ ಎತ್ತಿದ ಮೇಷ್ಟ್ರೇ.

ಮಳೆಗಾಲ ಇಳಿಯಿತು, ದೋಣಿ ನೀರಿಗಿಳಿಯಿತು. ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅವಳು ಎಂದಿನಂತೆ ಜಗಲಿಯಲ್ಲಿ ಕೂತಿದ್ದಳು. ಶಾಲೆಯ ಸಂಜೆ ಬೆಲ್ಲು ಹೊಡೆಯಿತು. ಮಕ್ಕಳು ದಡಕ್ಕೆ ಓಡಿದವು, ಹಿಂದೆಯೇ ಕೈಗೆಲ್ಲ ಬಣ್ಣ ಮೆತ್ತಿಕೊಂಡ ಡ್ರಾಯಿಂಗ್ ಮೇಷ್ಟ್ರು. ಅಕ್ಕ ಕಡಲಿನತ್ತ ನೋಡಲೂ ಇಲ್ಲ. ಎದ್ದು ಒಳಗೆ ಹೋಗಿ ಸಾರು ಬಿಸಿಗಿಟ್ಟಳು. ನಾನು ನೋಡಿದೆ. ಕನ್ನಡಕ ಹಾಕಿದ ಸೂರ್ಯ ಅಲೆಯ ಮೇಲೆ ಏಳುತ್ತಾ ಬೀಳುತ್ತಾ ದಡಕ್ಕೆ ಬರುತ್ತಿದ್ದ.

“ಎಂತ ಬಾವ, ಇಷ್ಟು ಬೇಗ?” ಎಂದೆ.

ಬಾವ ಹಗ್ಗ ಎಳೆಯುತ್ತಾ ನನ್ನ ಮುಖ ನೋಡದೆ ಹೇಳಿದರು:

“ದೋಣಿ ನಂದಲ್ಲ ಅಲ್ದಾ ಟೀಚ್ರೇ. ಹೊತ್ತಿಗ್ ಸರಿಯಾಯ್ ತಂದ್ ಕೊಡ್ಕಾತ್ತ್.”