ಅವ್ವನ ಕೆಮ್ಮು, ಸಕ್ರಿ ಇಲಿ

ಮನೆಯಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ ಎಂಬುದು ಮಾಳಮಡ್ಡಿಯ ಬಿಂದುಮಾಧವನ ಹಳೆಯ ದೂರು. ಕಾಲೇಜಿನಲ್ಲಿ ತುಂಬಿದ ತರಗತಿಯನ್ನು ಗದರಿಸಿ ಕೂಡಿಸುವ ಮನುಷ್ಯ, ಮನೆಗೆ ಬಂದರೆ ಹೆಂಡತಿ ಮಂದಾಕಿನಿಯನ್ನು ಕೇಳದೆ ಫ್ಯಾನು ಹಚ್ಚುವಂತಿರಲಿಲ್ಲ. ಆ ಸಿಟ್ಟಿಗೇ ಒಂದು ದಿನ ಹುಬ್ಬಳ್ಳಿಯಿಂದ ಜೋಡಿ ಶುಗರ್ ಗ್ಲೈಡರ್ ತಂದುಬಿಟ್ಟ. ಅಂಗೈಯಷ್ಟು ಪ್ರಾಣಿ, ಕಪ್ಪು ಗುಂಡು ಕಣ್ಣು. ಕೈಕಾಲಿನ ನಡುವಿನ ಚರ್ಮ ಬಿಚ್ಚಿ ಕಪಾಟಿನಿಂದ ಕಪಾಟಿಗೆ ತೇಲುತ್ತದೆ. ಹಗಲೆಲ್ಲ ನಿದ್ದೆ, ಹೊತ್ತು ಮುಳುಗಿದರೆ ದಾಂಧಲೆ.

“ಈ ಸಕ್ರಿ ಇಲಿಗೆ ತಿನ್ಲಿಕ್ಕೆ ಏನ್ ಹಾಕಬೇಕ್ರೀ?” ಎಂದಳು ಮಂದಾಕಿನಿ.

“ಹಣ್ಣು, ಜೇನುತುಪ್ಪ... ಆಗಾಗ ಕುದಿಸಿದ ತತ್ತಿ.”

“ತತ್ತಿ? ಅತ್ತ್ಯಾರು ಗ್ವಾಡಿ ಮ್ಯಾಲಿಂದ ನೋಡ್ಲಿಕ್ಕತ್ತಾರ, ನೆನಪಿರಲಿ! ಇವು ಒಮ್ಮೆ ತಪ್ಪಿಸಿಕೊಂಡ್ರೂ, ಅವತ್ತ ಎರಡೂ ಹೊಳ್ಳಿ ಅಂಗಡಿಗೆ.”

ಅತ್ತ್ಯಾರು ಎಂದರೆ ಬಿಂದುಮಾಧವನ ಅವ್ವ. ಹೋದ ವರ್ಷ ತೀರಿಕೊಂಡು, ಈಗ ಪಡಸಾಲೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡು ಫೋಟೋದಲ್ಲಿದ್ದರು. (ಬದುಕಿದ್ದಾಗ ಬೆಕ್ಕನ್ನೂ ಹೊಸ್ತಿಲು ದಾಟಗೊಟ್ಟವರಲ್ಲ.) ಪ್ರಾಣಿಗಳು ತನ್ನ ಮೈವಾಸನೆಗೆ ಹೊಂದಿಕೊಳ್ಳಲೆಂದು ಮಗರಾಯ ಅವರದೇ ಹಳೆಯ ಇಳಕಲ್ ಸೀರೆ ಹರಿದು ಚೀಲ ಹೊಲಿಸಿ, ಎರಡನ್ನೂ ಅದರಲ್ಲಿ ಕೊರಳಿಗೆ ತೂಗುಹಾಕಿಕೊಂಡು ತಿರುಗುತ್ತಿದ್ದ. ಈ ಮನೆಯಲ್ಲಿ ತನ್ನನ್ನು ಅಪ್ಪಿಕೊಳ್ಳುವ ಜೀವಗಳು ಅವೆರಡೇ ಎಂದು ಅವನಿಗೆ ನಿಜವಾಗಿಯೂ ಅನಿಸುತ್ತಿತ್ತು.

ಒಂದು ಸಂಜೆ ಕರೆಂಟು ಹೋಯಿತು. ಕಂದೀಲು ಹಚ್ಚಿ ನೋಡಿದರೆ ಚೀಲದಲ್ಲಿ ಒಂದೇ ಪ್ರಾಣಿ! ಮಂದಾಕಿನಿಗೆ ಗೊತ್ತಾಗದಂತೆ ಅವನು ಉಳಿದದ್ದನ್ನು ಪಂಜರಕ್ಕೆ ಹಾಕಿ ಬಟ್ಟೆ ಮುಚ್ಚಿದ.

ಮರುಸಂಜೆ ಮತ್ತೆ ಕತ್ತಲು. ಆಗ ಅವ್ವನ ಫೋಟೋ ಕೆಮ್ಮಿತು. ಖೊಕ್... ಖೊಕ್. ಅವ್ವನ ಅದೇ ಒಣಕೆಮ್ಮು. ಗಾಳಿಯಿಲ್ಲದೆ ಗಂಧದ ಹಾರ ಅಲುಗಿತು.

“ಅತ್ತ್ಯಾರು ಬಂದಾರ್ರೀ!” ಮಂದಾಕಿನಿ ಗಂಡನ ಕೈ ಹಿಡಿದಳು.

ಗ್ಲೈಡರ್ ಒಮ್ಮೊಮ್ಮೆ ಬೊಗಳುತ್ತದೆಂದು ಅಂಗಡಿಯವ ಹೇಳಿದ್ದು ಬಿಂದುಮಾಧವನಿಗೆ ನೆನಪಾಯಿತು. ಸರಿ, ತಪ್ಪಿಸಿಕೊಂಡದ್ದು ಫೋಟೋದ ಹಿಂದೆ ಬಿಡಾರ ಹೂಡಿದೆ. ಆದರೆ ಹಾಗೆಂದರೆ ಎರಡೂ ಕೈಬಿಟ್ಟು ಹೋಗುತ್ತವಲ್ಲ!

“ಅವ್ವಗ ಹಸಿವಾಗಿರಬೇಕು” ಎಂದುಬಿಟ್ಟ.

ಅಂದಿನಿಂದ ಫೋಟೋದ ಮುಂದೆ ಸುಲಿದ ಬಾಳೆಹಣ್ಣು. ಬೆಳಗಾದರೆ ತಟ್ಟೆ ಖಾಲಿ. ಅವ್ವನಿಗೆ ಸೇರುತ್ತಿದ್ದ ಹೋಳಿಗೆಯೂ ನೈವೇದ್ಯಕ್ಕೆ ಬಂತು, ಮಗನ ತಟ್ಟೆಗೂ ಬಿತ್ತು. (ಬೇಡ ಎನ್ನಲು ಅವನೇನು ಸನ್ಯಾಸಿಯೇ?)

ಉಂಡು ಸುಮ್ಮನಿದ್ದರೆ ಆಗುತ್ತಿತ್ತು. “ಈ ಪ್ರಾಣಿ ಇರಬೇಕೋ ಬ್ಯಾಡೋ, ಅವ್ವನ್ನೇ ಕೇಳಿಬಿಡು” ಎಂದು ತಾನೇ ಬಾಯಿಬಿಟ್ಟ. ಹೊತ್ತು ಮುಳುಗಿದ ಮೇಲೆ ಮಂದಾಕಿನಿ ಸ್ನಾನ ಮಾಡಿ ಬಂದು, ದೇವರಲ್ಲಿ ಪ್ರಸಾದ ಕೇಳುವಂತೆ, ಫೋಟೋದ ಚೌಕಟ್ಟಿನ ಮೇಲೆ ಬಲಕ್ಕೊಂದು ಎಡಕ್ಕೊಂದು ಹೂವಿಟ್ಟಳು. ಬಲಗಡೆಯದು ಬಿದ್ದರೆ ಇರಲಿ, ಎಡಗಡೆಯದು ಬಿದ್ದರೆ ಹೋಗಲಿ. ನೆಕ್ಕಲು ಬಂದ ಗ್ಲೈಡರ್ ಆ ಹೂವನ್ನೇ ಕೆಡವಲೆಂದು ಬಿಂದುಮಾಧವ ಮೊದಲೇ ಬಲಗಡೆಯ ಮೂಲೆಗೆ ಜೇನುತುಪ್ಪ ಸವರಿ ಬಂದಿದ್ದ.

ಎಡಗಡೆಯ ಹೂ ಬಿತ್ತು.

“ಇದು ಅವ್ವನ ಮಾತಲ್ಲ!” ಅವನು ಕೂಗಿಬಿಟ್ಟ. “ತಪ್ಪಿಸಿಕೊಂಡ ಗ್ಲೈಡರು ಹಿಂದ ಕೂತದ! ನಾನೇ ಮುಚ್ಚಿಟ್ಟೆ!”

“ಅಂದ್ರ ನಾ ಇಷ್ಟ್ ದಿನ ಇಲಿಗೆ ನೈವೇದ್ಯ ಮಾಡೀನೇನು?” ಮಂದಾಕಿನಿಯ ಕಣ್ಣು ಕೆಂಡವಾಯಿತು.

ಅವನು ಸ್ಟೂಲು ಹತ್ತಿ ಫೋಟೋ ಇಳಿಸಿದ. ಹಿಂದೆ ಏನೂ ಇರಲಿಲ್ಲ. ಬರೀ ಗೋಡೆ, ಅದರ ಮೇಲೆ ಹರಿಯದ ಜೇಡರ ಬಲೆ.

ಅಷ್ಟರಲ್ಲಿ ಹಿಂದಿನ ಓಣಿಯ ಅಕ್ಕವ್ವ ಮುಚ್ಚಿದ ಬುಟ್ಟಿ ಹಿಡಿದು ಬಾಗಿಲಿಗೆ ಬಂದಳು. “ಸರ್ರ, ಇದು ನಿಮ್ದೇನ್ರಿ? ಅವತ್ತ ಮೊದ್ಲ ಸಲ ಕರೆಂಟ್ ಹೋದಾಗ ನಮ್ಮ ಮನಿ ಹೊಕ್ಕೈತ್ರಿ. ಅವಾಗಿಂದ ಹಿಂಗ ಮುಚ್ಚಿಟ್ಟೇನಿ. ನಿಮ್ದಂತ ಇವತ್ತ ಗೊತ್ತಾತ್ರಿ.”

ಬುಟ್ಟಿಯೊಳಗಿಂದ ಎರಡು ಕಪ್ಪು ಕಣ್ಣು ಇಣುಕಿದವು. ಮಂದಾಕಿನಿ ಬುಟ್ಟಿಯಿಂದ ಬರೀ ಗೋಡೆಯತ್ತ ತಿರುಗಿದಳು.

“ಹಂಗಾದ್ರ... ಬಾಳಿಹಣ್ಣು ತಿಂದವರು ಯಾರ್ರೀ?”

ಬಿಂದುಮಾಧವ ಇನ್ನೂ ಸ್ಟೂಲಿನ ಮೇಲೆ, ಫೋಟೋ ಎದೆಗವಚಿಕೊಂಡು ನಿಂತಿದ್ದ. ಅವನ ಎದೆಯ ಹತ್ತಿರವೇ ಯಾರೋ ಮೆಲ್ಲಗೆ ಕೆಮ್ಮಿದರು. ಖೊಕ್.

ಮರುದಿನವೇ ಅವನು ಕಣ್ಣೊರೆಸಿಕೊಳ್ಳುತ್ತ ಎರಡೂ ಪ್ರಾಣಿಗಳನ್ನು ಅಂಗಡಿಗೆ ಮುಟ್ಟಿಸಿ ಬಂದ. ಸಂಜೆಯ ಬಾಳೆಹಣ್ಣನ್ನು ಈಗ ಅವನೇ ಸುಲಿದು ಇಡುತ್ತಾನೆ. ಫ್ಯಾನು ಹಚ್ಚಬೇಕೆಂದರೆ ಮೊದಲು ಮಂದಾಕಿನಿಯನ್ನು ಕೇಳುತ್ತಾನೆ, ಆಮೇಲೆ ಗೋಡೆಯತ್ತ ತಿರುಗಿ ಅವ್ವನನ್ನೂ ಕೇಳುತ್ತಾನೆ.